ಬಸಪ್ಪ ಮಾಸ್ತರರ ಸಕಾರ

ಹಲ್ಲಿನ ದವಾಖಾನೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು ನನ್ನನ್ನು ಮೊದಲು ಕೇಳುವುದು ರಕ್ತದ ವಿಷಯ. "ರಕ್ತ ನೋಡಿ ಚಕ್ಕರ್ ಬರಾಂಗಿಲ್ಲೇನ್ರಿ ಅಕ್ಕಾರ?" ಎನ್ನುತ್ತಾರೆ. ರಕ್ತ ಬೇಗ ರೂಢಿಯಾಗುತ್ತದೆ. ಕಷ್ಟದ್ದು ಬೇರೆ ಇದೆ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರು ಮಾತಾಡಲಾರರು. ಎಲ್ಲಿ ನೋಯುತ್ತಿದೆ, ಎಷ್ಟು ಹೆದರಿದ್ದಾರೆ, ಯಾವಾಗ ಸಾಕು ಅನ್ನಿಸಿತು ಎಂಬುದನ್ನೆಲ್ಲ ಅವರ ಕಣ್ಣು ನೋಡಿ, ಕುರ್ಚಿಯ ಕೈ ಹಿಡಿದ ಬೆರಳು ನೋಡಿ ತಿಳಿಯಬೇಕು. ಉಪಕರಣ ತೊಳೆದು ಕುದಿಸುವುದನ್ನು ಯಾರಾದರೂ ಕಲಿಸುತ್ತಾರೆ. ಇದನ್ನು ಮಾತ್ರ ನಾವೇ ಕಲಿಯಬೇಕು.

ನಾನು ಗೋವಾದ ವಾಸ್ಕೋದಲ್ಲಿ ಡಾಕ್ಟರ್ ಅವೆಲಿನೊ ಅವರ ಬಳಿ ಸಹಾಯಕಿಯಾಗಿದ್ದೆ. ನಿವೃತ್ತಿಯಾಗಿದ್ದು 2012ರಲ್ಲಿ. ನನ್ನ ತಂದೆ ಬಾದಾಮಿ ಕಡೆಯಿಂದ ಬಂದರಿನ ಕೂಲಿಗೆ ಬಂದವರು. ನಾನು ಬೆಳೆದದ್ದು ಸಡಾದ ಗುಡ್ಡದ ಮೇಲೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕೊಂಕಣಿ, ಬಸ್ಸಿನಲ್ಲಿ ಹಿಂದಿ. ಡಾಕ್ಟರು ಕೊಂಕಣಿಯವರು, ನಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅರ್ಧ ಜನ ನಮ್ಮ ಕಡೆಯವರು. ಹಾಗಾಗಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಡಾಕ್ಟರು ಕೊಂಕಣಿಯಲ್ಲಿ ಆಡಿದ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮಾತು ಮುಟ್ಟಿಸುವುದು ಸುಲಭ ಎಂದುಕೊಂಡಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಡಾಕ್ಟರು ಒಬ್ಬ ಹಮಾಲನ ಬಾಯಲ್ಲಿ ಬೆರಳಿಟ್ಟು ಹಲ್ಲಿನ ಅಚ್ಚು ಸರಿಮಾಡುತ್ತಿದ್ದರು. "ಇನ್ನು ಕಚ್ಚೋಕೆ ಹೇಳು" ಅಂದರು. ಅವರು ಬೆರಳು ತೆಗೆಯುವ ಮೊದಲೇ ನಾನು "ಕಚ್ರಿ" ಅಂದುಬಿಟ್ಟೆ. ಆ ಮನುಷ್ಯ ಹೇಳಿದ ಮಾತು ಕೇಳುವವನು, ಕಚ್ಚಿದ. ಡಾಕ್ಟರು ಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡು ಕಿಟಕಿಯ ತನಕ ಹೋಗಿ ಬಂದರು. ಬಂದವರು, "ಕಸ್ತೂರಿ, ಅವನ ದವಡೆಯಲ್ಲಿ ಒಳ್ಳೆ ಶಕ್ತಿ ಇದೆ, ಅದನ್ನೂ ಹೇಳು" ಅಂದರು. ಬೈಯಲಿಲ್ಲ. ಅವರ ಜೊತೆ ಅಷ್ಟು ವರ್ಷ ಇದ್ದೆ, ರೋಗಿಯ ಮುಂದೆ ಒಮ್ಮೆಯೂ ನನ್ನ ಮೇಲೆ ದನಿ ಏರಿಸಿದವರಲ್ಲ. ಮೇಲಿನವರು ಹೀಗಿದ್ದರೆ ಕೆಲಸ ಕಲಿಯುವುದು ಎಷ್ಟು ಸಲೀಸು ಎಂಬುದು ಬೇರೆ ಕಡೆ ದುಡಿಯುವ ಗೆಳತಿಯರ ಕಥೆ ಕೇಳಿದಾಗೆಲ್ಲ ಅನ್ನಿಸುತ್ತದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಡಾಕ್ಟರು ಇಂಪ್ಲಾಂಟ್ ಕಲಿಯಲು ಮುಂಬೈಗೆ ಹೋಗಿಬಂದರು. ಬಿದ್ದ ಹಲ್ಲಿನ ಜಾಗದಲ್ಲಿ ದವಡೆಯ ಎಲುಬಿಗೇ ಒಂದು ಸಣ್ಣ ಲೋಹದ ತಿರುಪನ್ನು ಕೂರಿಸುವುದು, ಕೆಲವು ತಿಂಗಳಲ್ಲಿ ಎಲುಬು ಅದನ್ನು ಬಿಗಿಯಾಗಿ ಹಿಡಿದುಕೊಂಡ ಮೇಲೆ ಅದರ ಮೇಲೆ ಹಲ್ಲು ಕಟ್ಟುವುದು. ಆಗ ಡಾಕ್ಟರಿಗೆ ಐವತ್ತು ದಾಟಿತ್ತು. ಹೊಸ ಪಾಟಿ ಚೀಲ ಸಿಕ್ಕ ಹುಡುಗನ ಹಾಗೆ ಆಡುತ್ತಿದ್ದರು. ಮಾರ್ಕೆಟ್ಟಿನ ಕಸಾಯಿ ಅಂಗಡಿಯಿಂದ ಆಡಿನ ದವಡೆ ತರಿಸಿ, ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅದರ ಮೇಲೆ ಅಭ್ಯಾಸ ಮಾಡುತ್ತಿದ್ದರು. ನಾನು ನೀರು ಬಿಡುತ್ತ ನಿಲ್ಲುತ್ತಿದ್ದೆ. ಎಲುಬು ಬಿಸಿಯಾದರೆ ಕೆಟ್ಟಿತು, ನೀರು ನಿಲ್ಲಬಾರದು ಎಂದು ಅವರು ಹೇಳಿಕೊಟ್ಟದ್ದು ಆ ಆಡಿನ ದವಡೆಯ ಮೇಲೆಯೇ.

ಈ ಹೊಸ ವಿದ್ಯೆಯನ್ನು ಕನ್ನಡದಲ್ಲಿ ಹೇಳುವ ಭಾರ ನನ್ನ ಮೇಲೆ ಬಿತ್ತು. ಸಾಂಗೆಯ ಗಣಿ ಕಡೆಯಿಂದ ಬಂದ ಒಬ್ಬ ಹೆಣ್ಣುಮಗಳಿಗೆ ನಾನು, "ದವಡಿ ಎಲುಬಿನಾಗ ಒಂದ್ ಮೊಳಿ ಕೂಡಸ್ತಾರ್ರಿ" ಎಂದೆ. ಆಕೆ ಸೆರಗು ಸರಿಮಾಡಿಕೊಂಡು ಎದ್ದವಳು ಚಪ್ಪಲಿಯನ್ನೂ ಮೆಟ್ಟದೆ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಹೋದಳು. ಅಂದಿನಿಂದ ಮೊಳೆ ಎಂಬ ಮಾತು ಬಿಟ್ಟೆ. "ಬಿದ್ದ ಹಲ್ಲಿಗೆ ಹೊಸ ಬೇರು ನೆಡತಾರ್ರಿ" ಎನ್ನತೊಡಗಿದೆ. ನೆಡುವುದು, ಬೇರು ಹಿಡಿಯುವುದು, ಅಲ್ಲಿಯ ತನಕ ಕಾಯುವುದು, ಇದೆಲ್ಲ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಸಪ್ಪ ಮಾಸ್ತರರು ಬಂದದ್ದು ಆ ದಿನಗಳಲ್ಲೇ, ಜೋರು ಮಳೆಗಾಲದಲ್ಲಿ. ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಹೆಸರು ಕೇಳಿದೆ.

"ಬಥಪ್ಪ" ಅಂದರು.

"ಏನಂದ್ರಿ?"

"ಬಥಪ್ಪ, ಬಥಪ್ಪ" ಎಂದು ಎರಡು ಸಲ ಹೇಳಿ, ಅಂಗಿಯ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದು ತೋರಿಸಿದರು. ಅಕ್ಷರ ಎಷ್ಟು ದುಂಡಗಿದ್ದವೆಂದರೆ ಮಾಸ್ತರಿಕೆ ಎಂದು ಕೇಳದೆಯೇ ತಿಳಿಯಿತು.

ಸಡಾದ ಕನ್ನಡ ಶಾಲೆಯಲ್ಲಿ ಒಂದನೇ ಇಯತ್ತೆಗೆ ಅಕ್ಷರ ಕಲಿಸುವವರು ಅವರು. ಬಂದರಿನ ಕೂಲಿಗಳ, ಗೌಂಡಿಗಳ ಮಕ್ಕಳೇ ಎಲ್ಲ. ಇಲ್ಲಿ ಪೈಲಟ್ ಎನ್ನುವ ಬಾಡಿಗೆ ಮೋಟಾರ್‌ಸೈಕಲ್ಲಿನ ಹಿಂದೆ ಕುಳಿತು ಗುಡ್ಡ ಹತ್ತುವಾಗ, ಬಂದರಿನ ಲಾರಿಗಳಿಂದ ಉದುರಿ ತೋಯ್ದ ಅದಿರಿನ ಕೆಂಪು ರಾಡಿಯಲ್ಲಿ ಗಾಡಿ ಜಾರಿತ್ತು. ಓಡಿಸುವವನಿಗೆ ಮೊಣಕಾಲು ತರಚಿತು. ಮಾಸ್ತರರ ಮುಖ ನೇರ ಕಲ್ಲಿನ ಕಟ್ಟೆಗೆ ಬಡಿಯಿತು. ಮೇಲಿನ ಸಾಲಿನ ನಾಲ್ಕು ಮುಂಭಾಗದ ಹಲ್ಲು ಹೋದವು.

ಗಾಯ ಮಾಗಿದ ಮೇಲೆ ಡಾಕ್ಟರು ಆಗಿನ ಪದ್ಧತಿಯಂತೆ ತೆಗೆದು ಹಾಕುವ ಪ್ಲೇಟು ಮಾಡಿಕೊಟ್ಟರು. ನೋಡುವುದಕ್ಕೆ ಹಲ್ಲೇನೋ ಬಂದವು. ಆದರೆ ಬಾಯಿಯ ಅಂಗುಳಕ್ಕೆ ಅಂಟಿದ ಆ ದಪ್ಪ ಪ್ಲೇಟಿನಿಂದಾಗಿ 'ಸ' ಅನ್ನುವಾಗ ಸುಯ್ಯೆಂದು ಸೀಟಿ ಹೊಡೆಯುತ್ತಿತ್ತು. ತರಗತಿಯಲ್ಲಿ ಮಕ್ಕಳು ಬಿದ್ದು ಬಿದ್ದು ನಕ್ಕರಂತೆ. ಸೀಟಿ ಕೇಳುವುದಕ್ಕೆಂದೇ ಮತ್ತೆ ಮತ್ತೆ "ಸರ, ಇನ್ನೊಮ್ಮೆ ಹೇಳ್ರಿ" ಎಂದರಂತೆ. ಮಾಸ್ತರರು ಪ್ಲೇಟು ತೆಗೆದು ಜೇಬಿನಲ್ಲಿಟ್ಟುಕೊಂಡು ಪಾಠ ಮಾಡತೊಡಗಿದರು. ಈಗ ಯಾರೂ ನಗಲಿಲ್ಲ. ಮಾಸ್ತರರು ಹೇಳಿದ್ದನ್ನು ಹೇಳಿದ ಹಾಗೆಯೇ ಕಲಿತರು.

ದೀಪಾವಳಿ ಮುಗಿದ ಮೇಲೆ ಅವರು ಮತ್ತೆ ಬಂದಾಗ ಜೊತೆಗೆ ಹನಮಂತ ಎಂಬ ಬಂದರಿನ ಕೂಲಿಯೂ ಇದ್ದ. ಅವನ ಮಗಳು ಮಾಸ್ತರರ ತರಗತಿಯಲ್ಲಿದ್ದಳು. ಹನಮಂತ ಹೇಳಲೋ ಬೇಡವೋ ಎನ್ನುವ ಹಾಗೆ ನಿಂತಿದ್ದ.

"ಮಾಸ್ತರ ಮ್ಯಾಲ ದೂರ ಅಲ್ರಿ ಅಕ್ಕಾರ. ದೇವರಂಥ ಮನಷ್ಯಾ ಅವರು. ಆದರ ನಮ್ಮ ಹುಡುಗಿ ಮೊದಲ ಚಲೋ ಮಾತಾಡ್ತಿದ್ಲು. ಈಗ ಮನ್ಯಾಗ ಥಕ್ಕರಿ ಕೊಡು ಅಂತಾಳ. ಹೆಸರು ಕೇಳಿದ್ರ ಥರಥ್ವತಿ ಅಂತಾಳ. ಯಾಕವ್ವಾ ಅಂದ್ರ, ಥರ ಹಂಗ ಕಲಿಥ್ಯಾರ ಅಂತಾಳ್ರಿ."

ಮಾಸ್ತರರು ತಲೆ ಎತ್ತಲಿಲ್ಲ. "ಒಬ್ಬಾಕಿ ಅಲ್ಲ, ಅರ್ಧಾ ಕ್ಲಾಥ್ ನನ್ನಂಗ ಮಾತಾಡಾಕತ್ತೈತಿ" ಎಂದರು. "ಅಕ್ಷರಾ ಕಲಿಥೋದು ಬಿಟ್ಟ ನಂಗ ಬ್ಯಾರೆ ಕೆಲಥ ಬರಾಂಗಿಲ್ರಿ. ಅದನ್ನ ಕೆಡಥಾಕತ್ತೇನಿ."

ನಾನು ಡಾಕ್ಟರಿಗೆ ಹೇಳಿದೆ. ಅವರು ಬಹಳ ಹೊತ್ತು ಎಕ್ಸ್‌ರೇ ಹಿಡಿದು ನೋಡಿ, ಎರಡು ಬೇರು ನೆಟ್ಟು ಅವುಗಳ ಮೇಲೆ ನಾಲ್ಕು ಹಲ್ಲು ಕೂರಿಸಬಹುದು ಅಂದರು. ತಾವು ಇದರಲ್ಲಿ ಹೊಸಬರು, ಇನ್ನೂ ಕಲಿಯುತ್ತಿರುವವರು ಎಂಬುದನ್ನೂ ಮುಚ್ಚಿಡದೆ ಹೇಳಲು ಹೇಳಿದರು. ಹೇಳಿದೆ. ಮಾಸ್ತರರು, "ಕಲಿಯಾವ್ರ ಮ್ಯಾಲ ನಂಗ ಭಾಳ ನಂಬಿಗಿ ಐತ್ರಿ" ಅಂದರು.

ಶಸ್ತ್ರಚಿಕಿತ್ಸೆಯ ದಿನ ಅವರು ನನ್ನ ಕೈ ಹಿಡಿದಿದ್ದರು. ಡಾಕ್ಟರಿಗೆ ಕೆಲಸ ಮಾಡುವಾಗ ಮೂಗಿನಲ್ಲೇ ಹಾಡು ಗುನುಗುವ ಅಭ್ಯಾಸ. ಗುನುಗು ನಿಂತರೆ ಒಳಗೆ ಏನೋ ಬಿಕ್ಕಟ್ಟು ಎಂದು ನನಗೆ ಗೊತ್ತಾಗುತ್ತಿತ್ತು. ಬಲಗಡೆಯ ಬೇರು ಹಾಡಿನ ಜೊತೆ ಇಳಿಯಿತು. ಎಡಗಡೆ ಎಲುಬು ತೆಳುವಾಗಿತ್ತು, ಹಾಡು ನಿಂತಿತು. ನಾನು ನೀರು ನಿಲ್ಲಿಸದೆ ಹಿಡಿದೆ. ಕೊನೆಗೆ ಅದೂ ಕುಳಿತಿತು. ಹೊಲಿಗೆ ಹಾಕಿದ ಮೇಲೆ ಡಾಕ್ಟರು ಒಂದೇ ಕಟ್ಟುನಿಟ್ಟು ಮಾಡಿದರು. ಬೇರು ಹಿಡಿಯುವ ತನಕ ಅದರ ಮೇಲೆ ಭಾರ ಬೀಳಬಾರದು, ಪ್ಲೇಟು ಹಾಕಬಾರದು. ಅದನ್ನು ಮಾಸ್ತರರಿಗೆ ನಾನೇ ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿದರು.

ಬೇಸಿಗೆ ರಜೆಯ ಕೊನೆಗೆ ತೆರೆದು ನೋಡಿದಾಗ ಬಲಗಡೆಯದು ಕಲ್ಲಿನಂತೆ ನಿಂತಿತ್ತು. ಎಡಗಡೆಯದು ಡಾಕ್ಟರ ಬೆರಳು ತಾಗಿದ್ದೇ ಅಲುಗಾಡಿತು. ಕೈಯಿಂದಲೇ ತಿರುಗಿಸಿ ಹೊರತೆಗೆದು ತಟ್ಟೆಯಲ್ಲಿಟ್ಟರು.

"ಪ್ಲೇಟ್ ಹಾಕಿದ್ರೇನ್ರಿ ಮಾಸ್ತರ?" ಎಂದು ನಾನೇ ಕೇಳಿದೆ.

"ಹಾಕಿದ್ನಿ" ಅಂದರು. "ದಿನಾ ಥಾಲಿ ಬಿಡೂ ತನಕ ಹಾಕಿದ್ನಿ. ಇಲ್ಲಂದ್ರ ಆ ಮಕ್ಕಳು ಮತ್ತ ನನ್ನ ಬಾಯಿ ನೋಡಿ ಕಲೀತಾವ್ರಿ. ಥೀಟಿ ಹೊಡೆದ್ರ ಹೊಡೀಲಿ, ನಕ್ಕರ ನಗಲಿ ಅಂತ ಹಾಕೊಂಡ್ನಿ. ಥಿಟ್ಟು ಮಾಡಬ್ಯಾಡ್ರಿ ಅಂತ ಡಾಕ್ಟರಿಗೆ ಹೇಳ್ರಿ."

ಸಿಟ್ಟು ಬರುತ್ತದೆಂದು ನಾನೂ ಎಣಿಸಿದ್ದೆ. ಡಾಕ್ಟರು ಕೈಗವಸು ತೆಗೆದು ಸ್ಟೂಲಿನ ಮೇಲೆ ಕುಳಿತರು. "ಹಾಕಬೇಡಿ ಅಂತ ಹೇಳಿದೆನೇ ಹೊರತು, ಹಾಕದೆ ಪಾಠ ಹೇಗೆ ಮಾಡುತ್ತೀರಿ ಅಂತ ಕೇಳಲಿಲ್ಲ" ಅಂದರು. ಆಮೇಲೆ, "ಶಾಲೆ ಯಾವಾಗ ಶುರು? ನಾನು ಬಂದು ನೋಡಬೇಕು" ಅಂದರು.

ಒಬ್ಬ ರೋಗಿ ಬದುಕುವ ಜಾಗವನ್ನು ನೋಡಲು ಡಾಕ್ಟರು ಹೋಗುತ್ತೇನೆ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಶಾಲೆ ಶುರುವಾದ ವಾರವೇ ಒಂದು ಶನಿವಾರ ಬೆಳಿಗ್ಗೆ ಇಬ್ಬರೂ ಸಡಾಕ್ಕೆ ಹೋದೆವು. ಹೋದ ವರ್ಷದ ಒಂದನೇ ಇಯತ್ತೆಯವರು ಈಗ ಎರಡನೆಯದರಲ್ಲಿದ್ದರು. ಮಾಸ್ತರರು ಫಲಕದ ಮೇಲೆ 'ಸ' ಬರೆದು ಓದಿ ಎಂದರು. ಮಕ್ಕಳು ಗಟ್ಟಿಯಾಗಿ, ಒಂದೇ ದನಿಯಲ್ಲಿ "ಥ" ಅಂದರು. ಮಾಸ್ತರರು ಗೋಡೆ ಕಡೆ ತಿರುಗಿದರು.

ಡಾಕ್ಟರು ಟಾರ್ಚ್ ಹಿಡಿದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಯಿ ತೆರೆಸಿದರು. ಮೊದಲನೆಯವನಿಗೆ ಮುಂದಿನ ಎರಡೂ ಹಲ್ಲಿಲ್ಲ. ಅವನ ಹಿಂದಿನವಳಿಗೂ ಇಲ್ಲ. ಅವಳ ಹಿಂದಿನವನಿಗೆ ಒಂದು ಬಿದ್ದಿತ್ತು, ಒಂದು ನೇತಾಡುತ್ತಿತ್ತು. ಹಾಲುಹಲ್ಲು ಬೀಳುವ ವಯಸ್ಸು. ಡಾಕ್ಟರು ನಗತೊಡಗಿದರು. "ಕಸ್ತೂರಿ, ಮಾಸ್ತರರನ್ನು ಕರಿ. ಇಲ್ಲಿ ಅವರಿಗಿಂತ ಬೊಚ್ಚು ಬಾಯಿಯವರಿದ್ದಾರೆ!" ಮಾಸ್ತರರು ಬಂದು ಒಂದೊಂದೇ ಬಾಯಿ ನೋಡಿದರು. ಹಲ್ಲು ಹೋದ ಮೇಲೆ ಅವರು ಕರವಸ್ತ್ರವಿಲ್ಲದೆ ನಕ್ಕದ್ದನ್ನು ನಾನು ಅಂದು ನೋಡಿದೆ.

ಆದರೆ ಸಾಲಿನ ಕೊನೆಯಲ್ಲಿ ಹನಮಂತನ ಮಗಳಿದ್ದಳು. ಟಾರ್ಚ್ ಬೆಳಕಿನಲ್ಲಿ ನೋಡಿದರೆ ಅವಳ ಹಲ್ಲು ಪೂರ್ತಿ ಇದ್ದವು, ಮುಂದಿನವು ಹೊಸದಾಗಿ ಬಂದು ಬೆಳ್ಳಗೆ ಸಾಲಾಗಿ ನಿಂತಿದ್ದವು.

"ಹೆಸರೇನವ್ವಾ?" ಎಂದೆ.

"ಥರಥ್ವತಿ."

ನಗು ನಿಂತಿತು. ಸೋಮವಾರ ಡಾಕ್ಟರು ದವಾಖಾನೆಗೆ ಬಂದವರೇ ಹೊಸ ಉಪಾಯ ಹೇಳಿದರು. ನಾಲ್ಕು ತಾತ್ಕಾಲಿಕ ಹಲ್ಲನ್ನು ಹಿಂದಿನಿಂದ ತಂತಿಯಿಂದ ಜೋಡಿಸಿ, ಅಕ್ಕಪಕ್ಕದ ಕೋರೆಹಲ್ಲಿಗೆ ಅಂಟಿಸುವುದು. ಪ್ಲೇಟಿಲ್ಲ, ಅಂಗುಳದ ಮೇಲೆ ದಪ್ಪವಿಲ್ಲ, ಕೆಳಗಿನ ಬೇರಿನ ಮೇಲೆ ಭಾರವೂ ಇಲ್ಲ. ಅಂಟು ಆಗಾಗ ಬಿಡುತ್ತಿತ್ತು. ಬಿಟ್ಟಾಗ ಮಾಸ್ತರರು ಶಾಲೆಗೆ ಹೋಗುವ ಮೊದಲು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು, ಡಾಕ್ಟರು ಚಹಾ ಕುಡಿಯುವ ಮೊದಲು ಅಂಟಿಸಿ ಕಳಿಸುತ್ತಿದ್ದರು. ಆ ಹಲ್ಲಿನಲ್ಲಿ 'ಸ' ಅಷ್ಟು ಶುದ್ಧವಾಗಿ ಬರದಿದ್ದರೂ 'ಥ' ಆಗುತ್ತಿರಲಿಲ್ಲ. ಹೊಸ ವರ್ಷದ ಒಂದನೇ ಇಯತ್ತೆ ಬಚಾವಾಯಿತು. ಎಡಗಡೆಯ ಎಲುಬು ತುಂಬಿಕೊಂಡ ಮೇಲೆ ಎರಡನೇ ಸಲ ಬೇರು ನೆಟ್ಟರು. ಈ ಸಲ ಹಾಡು ಕೊನೆಯ ತನಕ ನಿಲ್ಲಲಿಲ್ಲ.

ಮುಂದಿನ ಬೇಸಿಗೆಗೆ ಎರಡೂ ಬೇರು ಗಟ್ಟಿಯಾಗಿದ್ದವು. ಕಾಯಂ ಹಲ್ಲು ಕೂರಿಸುವ ಮೊದಲು ಅವುಗಳ ಆಕಾರ ಗೊತ್ತುಮಾಡಬೇಕಿತ್ತು. ಹಲ್ಲು ಚೆಂದ ಕಂಡರೆ ಸಾಲದು, ನಾಲಿಗೆಗೆ ಸರಿಯಾಗಿ ಸಿಗಬೇಕು. "ನನಗೆ ಕನ್ನಡದ ಕಿವಿ ಇಲ್ಲ" ಅಂದರು ಡಾಕ್ಟರು. "ನೀನು ಬಾಗಿಲ ಹತ್ತಿರ ಬೆನ್ನು ತಿರುಗಿಸಿ ನಿಲ್ಲು. ಬಾಯಿ ನೋಡಬೇಡ, ಕೇಳು. ಯಾವ ಅಕ್ಷರ ಹಲ್ಲಿಗೆ ತಾಗುತ್ತವೋ ಅವನ್ನು ಹೇಳಿಸೋಣ."

ನಾನು ಮಾಸ್ತರರಿಗೆ ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ತ ಥ ದ ಧ ನ. ಇವಕ್ಕ ದಂತ್ಯ ಅಂತಾರ್ರಿ, ಹಲ್ಲಿನ ಅಕ್ಷರ."

ಡಾಕ್ಟರು ಕೊಂಕಣಿಯನ್ನು ರೋಮನ್ ಲಿಪಿಯಲ್ಲಿ ಓದಿ ಬರೆದವರು. ಅಕ್ಷರಗಳಲ್ಲೇ ಹಲ್ಲಿನದೊಂದು ಸಾಲು ಇದೆ ಎಂದು ಕೇಳಿ ಅವರಿಗೆ ಆದ ಸಂತೋಷ ಹೇಳತೀರದು. "ಇಷ್ಟು ವರ್ಷ ನನಗ್ಯಾಕೆ ಹೇಳಲಿಲ್ಲ?" ಎಂದು ನಗುತ್ತಲೇ ನನ್ನನ್ನು ಕೇಳಿ, ತಾವೂ ಒಮ್ಮೆ "ತ ಥ ದ ಧ ನ" ಎಂದು ಹೇಳಿ ನೋಡಿದರು. ಅವರ ಬಾಯಲ್ಲಿ ಎರಡು ಮೂರು ಅಕ್ಷರ ಒಂದೇ ಆದವು. ಮಾಸ್ತರರು ಮಲಗಿದಲ್ಲಿಂದಲೇ ತಿದ್ದಿದರು.

ದಂತ್ಯದ ಸಾಲು ಸುಲಭವಾಗಿ ಬಂತು. ತೊಂದರೆ ಕೊಟ್ಟದ್ದು ಸಕಾರ. ಮಾಸ್ತರರು "ಸ" ಅಂದರು. "ಸೀಟಿ ಐತ್ರಿ" ಎಂದು ನಾನು ಬಾಗಿಲಿನಿಂದ ಹೇಳಿದೆ. ಡಾಕ್ಟರು ಹಲ್ಲಿನ ಹಿಂಭಾಗ ಸ್ವಲ್ಪ ಉಜ್ಜಿದರು. "ಸ". "ಇನ್ನೂ ಐತಿ." ಮತ್ತೆ ಉಜ್ಜಿದರು. "ಈಗ ಶ ಆತ್ರಿ." ಅದಕ್ಕೆ ಒಂದಿಷ್ಟು ಮೇಣ ಹಚ್ಚಿದರು. ನನಗೆ ಕೇಳಿ ಕೇಳಿ ಕಿವಿ ಮಂದವಾದಂತಾಯಿತು, ಯಾವುದು ಸರಿ ಯಾವುದು ತಪ್ಪು ಒಂದೂ ತಿಳಿಯದಾಯಿತು. ಹಾಗೆಂದು ಹೇಳಿಯೂ ಬಿಟ್ಟೆ.

"ಹಾಗಾದರೆ ಬಾಗಿಲು ತೆರೆ" ಅಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಐದಾರು ಜನ ಕಾಯುತ್ತಿದ್ದರು, ಎಲ್ಲ ನಮ್ಮವರೇ. ವಿಷಯ ತಿಳಿಸಿದೆ. ಗಲ್ಲ ಬಾತು ಕೈ ಒತ್ತಿಕೊಂಡು ಕುಳಿತಿದ್ದ ಯಲ್ಲವ್ವ ಎಂಬ ಮುದುಕಿ ಸರಿದು ಕುಳಿತಳು. ಒಳಗಿನಿಂದ ಮಾಸ್ತರರು "ಸಾವಿರ" ಅಂದರು. ಬೆಂಚಿನವರು ತಲೆಯಾಡಿಸಲಿಲ್ಲ. "ಸೈಕಲ್ ಗಾಳಿ ಸೋರಿದಂಗ ಆತು" ಅಂದ ಒಬ್ಬ. ಡಾಕ್ಟರು ಮತ್ತೆ ಉಜ್ಜಿದರು. "ಸಾವಿರ. ಬಿಸಿಲು. ಸಾಸಿವಿ. ಹೊಸ ಮನಿ."

ಯಲ್ಲವ್ವ ಗಲ್ಲದ ಮೇಲಿನ ಕೈ ತೆಗೆದು ಹೇಳಿದಳು: "ಹಾಂ, ಈಗ ಸುದ್ದ ಬಂತ ನೋಡವ್ವಾ. ಇನ್ನ ಮುಟ್ಟಬ್ಯಾಡಂತ ಹೇಳ ನಿಮ್ಮ ಡಾಕ್ಟರಿಗೆ."

ಡಾಕ್ಟರು ಮುಟ್ಟಲಿಲ್ಲ. ಅದೇ ಆಕಾರದಲ್ಲಿ ಕಾಯಂ ಹಲ್ಲು ತಯಾರಾಗಿ ಬಂದವು. ಕೂರಿಸಿದ ದಿನ ಮಾಸ್ತರರು ಕನ್ನಡಿ ಬೇಕೆನ್ನಲಿಲ್ಲ. ಕುರ್ಚಿಯಿಂದ ಎದ್ದು, ಡಾಕ್ಟರ ಎರಡೂ ಕೈ ಹಿಡಿದು, "ಸರ, ಭಾಳ ಉಪಕಾರ ಆತ್ರಿ" ಅಂದರು. ಅನುವಾದ ಮಾಡಲು ನಾನು ಬಾಯಿ ತೆರೆದೆ. ಡಾಕ್ಟರು ಬೇಡ ಎಂದು ಕೈಸನ್ನೆ ಮಾಡಿದರು.

ಆಮೇಲಿನ ವರ್ಷಗಳಲ್ಲಿ ಕೆಲಸ ತುಂಬ ಬದಲಾಯಿತು. ಕತ್ತಲೆ ಡಬ್ಬಿಯಲ್ಲಿ ಕೈಹಾಕಿ ತೊಳೆಯುತ್ತಿದ್ದ ಎಕ್ಸ್‌ರೇ ಕಂಪ್ಯೂಟರಿನ ಪರದೆಗೆ ಬಂತು, ಇಂಪ್ಲಾಂಟ್ ಕೂರಿಸುವುದು ನಮಗೆ ದಿನಬಳಕೆಯ ಮಾತಾಯಿತು. ನನಗೆ ಈ ಕೆಲಸ ಎರಡು ಹೊತ್ತಿನ ಊಟ ಕೊಟ್ಟಿತು, ಮಕ್ಕಳನ್ನು ಓದಿಸಿತು. ಅದಕ್ಕಿಂತ ಹೆಚ್ಚಾಗಿ, ಕೆಟ್ಟ ಸುದ್ದಿ ಬಂದಾಗ ಒಬ್ಬ ಒಳ್ಳೆಯ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಹತ್ತಿರದಿಂದ ತೋರಿಸಿತು. ಹೊಸ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ಅಲುಗಾಡುವ ಬೇರು ನಿಮ್ಮ ಕಣ್ಣೆದುರೇ ಹೊರಬರುವ ದಿನ ಬಂದೇ ಬರುತ್ತದೆ. ಆಗ ಯಾರ ತಪ್ಪು ಎಂದು ಹುಡುಕುವ ಮೊದಲು, ಆ ಮನುಷ್ಯ ಮನೆಗೆ ಹೋಗಿ ಏನು ಮಾಡುತ್ತಾನೆ, ಯಾರ ಮುಂದೆ ಬಾಯಿ ತೆರೆಯಬೇಕಾಗಿದೆ ಎಂದು ಕೇಳಿ.

ಹಲ್ಲು ಕೂರಿಸಿ ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಮಾಸ್ತರರು ಹನಮಂತನನ್ನೂ ಅವನ ಮಗಳನ್ನೂ ಕರೆದುಕೊಂಡು ಬಂದರು. ಬೇರೆ ಮಕ್ಕಳಿಗೆ ಹೊಸ ಹಲ್ಲು ಬಂದಂತೆ ಮಾತು ತಾನಾಗಿ ಸರಿಹೋಗಿತ್ತಂತೆ. ಇವಳೊಬ್ಬಳದು ಹಾಗೇ ಉಳಿದಿತ್ತು. "ನಿಮ್ಮಲ್ಲಿ ಕೈಗನ್ನಡಿ ಐತಲ್ರಿ, ಅದನ್ನ ಜರಾ ಕೊಡ್ರಿ" ಅಂದರು.

ಕಿಟಕಿಯ ಬೆಳಕಿಗೆ ಹುಡುಗಿಯನ್ನು ಕೂರಿಸಿ, ಕನ್ನಡಿ ಅವಳ ಕೈಗೆ ಕೊಟ್ಟು, ತಾವು ಎದುರಿಗೆ ಮಂಡಿಯೂರಿ ಕುಳಿತರು.

"ನನ್ನ ಬಾಯಿ ನೋಡು. ಮೊದಲ ನಾ ನಿಂಗ ತಪ್ಪ ಕಲಿಸಿದ್ನಿ. ನಿಂದೇನೂ ತಪ್ಪಿಲ್ಲ. ಈಗ ಹೊಸದಾಗಿ ಕಲಿಯೋಣು. ನಾಲಿಗಿ ಮನಿ ಒಳಗ ಇರಬೇಕು. ಬಾಗಲಾ ಹಾಕು. ಹಾಕಿದ್ಯಾ? ಈಗ ಬಾಗಲಾ ಸಂದ್ಯಾಗಿಂದ ಗಾಳಿ ಅಷ್ಟ ಬಿಡು."

ಹುಡುಗಿ ಹಲ್ಲು ಕೂಡಿಸಿ ಊದಿದಳು. ಉಗುಳು ಹಾರಿತು. ಮಾಸ್ತರರು ಮುಖ ಒರೆಸಿಕೊಂಡು, "ಇನ್ನೊಮ್ಮೆ" ಅಂದರು. ಅವಳ ನಾಲಿಗೆ ಹೊರಗೆ ಇಣುಕಿತು. "ಒಳಗ, ಒಳಗ. ಹಾವಿನ ಮರಿ ಹಂಗ ಸದ್ದ ಮಾಡು." ಅವಳು ಕನ್ನಡಿ ನೋಡಿದಳು, ಮಾಸ್ತರರ ಬಾಯಿ ನೋಡಿದಳು, ಮತ್ತೆ ಕನ್ನಡಿ ನೋಡಿದಳು. ಎಷ್ಟು ಸಲ ಹೀಗೆ ನಡೆಯಿತೋ. ಬೆಂಚಿನವರು ಒಬ್ಬೊಬ್ಬರಾಗಿ ಒಳಗೆ ಬಂದು ನಿಂತಿದ್ದರು. ಡಾಕ್ಟರು ಯಾರನ್ನೂ ಹೊರಗೆ ಕಳಿಸಲಿಲ್ಲ.

"ಸ್ಸ್" ಅಂದಳು.

"ಹಾಂ! ಅದಕ್ಕ ಒಂದ್ ಅ ಹಚ್ಚು."

"ಸ."

"ನಿನ್ನ ಹೆಸರ ಹೇಳವ್ವಾ."

ಅವಳು ಹಲ್ಲು ಕೂಡಿಸಿ, ಕಣ್ಣು ಮುಚ್ಚಿ, ಒಂದೊಂದೇ ಅಕ್ಷರ ಹೇಳಿದಳು. "ಸ. ರ. ಸ್ವ. ತಿ."

ಹನಮಂತ ಬೀದಿಯ ಕಡೆ ತಿರುಗಿ ನಿಂತ. ಮಾಸ್ತರರು ಮಂಡಿಯ ಮೇಲಿಂದ ಏಳಲು ನನ್ನ ಕೈ ಆಸರೆ ಬೇಕಾಯಿತು. ಅವರು ಎದ್ದು ನಿಲ್ಲುವಷ್ಟರಲ್ಲಿ ಹುಡುಗಿ ಕನ್ನಡಿ ನನ್ನ ಕೈಗಿತ್ತು ಮೆಟ್ಟಿಲು ಇಳಿಯತೊಡಗಿದ್ದಳು. ಅವಳ ದನಿ ಮೇಲೆ ನಮಗೆಲ್ಲ ಕೇಳುತ್ತಿತ್ತು. ಮೆಟ್ಟಿಲಿಗೊಂದರಂತೆ ಹೇಳುತ್ತ ಇಳಿಯುತ್ತಿದ್ದಳು: "ಸರಸ್ವತಿ, ಸಕ್ಕರಿ, ಸಡಾ, ಸೈಕಲ್, ಸೋಮವಾರ, ಸಮುದ್ರ..." ಬೀದಿಗೆ ಹೋದ ಮೇಲೂ ಬಸ್ಸಿನ ಸದ್ದಿನ ನಡುವೆ ಸ್ವಲ್ಪ ಹೊತ್ತು ಕೇಳುತ್ತಿತ್ತು. ಡಾಕ್ಟರು ಅದು ಪೂರ್ತಿ ಕೇಳದಾಗುವ ತನಕ ನಿಂತಿದ್ದು, ಆಮೇಲೆ ಮುಂದಿನವರನ್ನು ಕರೆಯಲು ಹೇಳಿದರು.